ಐಹೊಳೆ ಶಾಸನ ಯಾವ ಕಾಲದ ಸಾಕ್ಷಿ?

ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿ ರಚಿಸಿದ ಸಂಸ್ಕೃತ ಪ್ರಶಸ್ತಿಯಿದೆ. ಹರ್ಷನ ಮೇಲೆ ಇಮ್ಮಡಿ ಪುಲಿಕೇಶಿ ಪಡೆದ ಗೆಲುವಿನಿಂದಾಗಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಈ ಶಾಸನವನ್ನು ಮಹಾಭಾರತದ ಕಾಲದ ಜಗಳಕ್ಕೂ ಎಳೆತರಲಾಗಿದೆ. ಭಾರತ ಯುದ್ಧ ಮುಗಿದು 3735 ವರ್ಷ, ಶಕ 556 ಸಂದಾಗ ಗುಡಿ ಕಟ್ಟಲಾಯಿತು ಎನ್ನುತ್ತಾನೆ ಕವಿ. ಶಕ 556 ಎಂದರೆ ಕ್ರಿ.ಶ. 634-35. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಯುದ್ಧ ಕ್ರಿ.ಪೂ. 3102ಕ್ಕೆ ಹೋಗಿ ನಿಲ್ಲುತ್ತದೆ. ಕಲ್ಲಿನಲ್ಲೇ ಕೊರೆದಿರುವಾಗ ಇನ್ನೇನು ಪುರಾವೆ ಬೇಕು ಎಂದು ರಾಷ್ಟ್ರೀಯವಾದಿಗಳಲ್ಲಿ ಕೆಲವರು ಕೇಳುತ್ತಾರೆ.

ಕೇಳಬೇಕಾದ ಪ್ರಶ್ನೆಯೇ. ಆದರೆ ಮೊದಲು ಒಂದು ಲೆಕ್ಕ ಮಾಡೋಣ. 3735ರಲ್ಲಿ 556 ಕಳೆದರೆ 3179. ಇಂದಿಗೂ ಪಂಚಾಂಗದ ಶಾಲಿವಾಹನ ಶಕಕ್ಕೆ ಇದೇ 3179 ಕೂಡಿಸಿದರೆ ಗತಕಲಿ, ಅಂದರೆ ಕಲಿಯುಗ ಶುರುವಾದ ಮೇಲೆ ಕಳೆದ ವರ್ಷಗಳ ಎಣಿಕೆ, ಬರುತ್ತದೆ. ಅಂದರೆ ರವಿಕೀರ್ತಿಯ ಎರಡು ಅಂಕಿಗಳು ಎರಡು ಬೇರೆ ಸಾಕ್ಷಿಗಳಲ್ಲ. ಜ್ಯೋತಿಷಿಗಳ ಸೂತ್ರದಿಂದ ಒಂದನ್ನು ಇನ್ನೊಂದಾಗಿ ಮಾಡಿಕೊಂಡದ್ದು. ಆ ಸೂತ್ರಕ್ಕೆ ಬೇಕಾದ ಕಲಿಗಣನೆ ರವಿಕೀರ್ತಿಗಿಂತ 135 ವರ್ಷ ಹಿಂದೆಯೇ ಆರ್ಯಭಟನಲ್ಲಿದೆ: ಕಲಿ 3600, ಅಂದರೆ ಕ್ರಿ.ಶ. 499, ತನಗೆ 23 ತುಂಬಿದ ವರ್ಷ ಎನ್ನುತ್ತಾನೆ ಅವನು. ಕಲಿಯ ಆರಂಭದಲ್ಲಿ ಗ್ರಹಗಳೆಲ್ಲ ಮೇಷದ ಮೊದಲ ಬಿಂದುವಿನಲ್ಲಿ ಕೂಡಿದ್ದವು ಎಂಬುದು ಅವನ ಗಣಿತದ ಅಡಿಪಾಯ. ಇಂದಿನ ಗಣನೆಯಂತೆ ಕ್ರಿ.ಪೂ. 3102ರ ಫೆಬ್ರವರಿಯಲ್ಲಿ ಅವು ಒಂದೇ ಬಿಂದುವಿನಲ್ಲಿ ಇರಲಿಲ್ಲ. ಹೀಗಾಗಿ ಅದು ಕಣ್ಣಾರೆ ಕಂಡು ಬರೆದಿಟ್ಟ ದಿನವಲ್ಲ, ಹಿಂದಕ್ಕೆ ಗಣಿಸಿ ಪಡೆದ ದಿನ ಎಂಬುದೇ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಇನ್ನು ಬಾದಾಮಿಯ ಬಂಡೆಯ ಮೇಲೆ ಇಮ್ಮಡಿ ಪುಲಿಕೇಶಿಯ ಅಜ್ಜ ಮೊದಲನೆಯ ಪುಲಿಕೇಶಿ ಬರೆಸಿದ ಕೋಟೆಯ ಶಾಸನದಲ್ಲಿ ಶಕ 465 ಮಾತ್ರ ಇದೆ. ಭಾರತ ಯುದ್ಧದ ಮಾತಿಲ್ಲ.

ಇದೆಲ್ಲ ವಸಾಹತುಶಾಹಿ ಕಲಿಸಿದ ಅಪನಂಬಿಕೆ ಎಂಬ ಆಕ್ಷೇಪವಿದೆ. ಆದರೆ ಭಿನ್ನಮತ ನಮ್ಮವರಲ್ಲೇ ಇತ್ತು. ಜ್ಯೋತಿಷಿ ವರಾಹಮಿಹಿರ ಯುಧಿಷ್ಠಿರನ ಕಾಲವನ್ನು ಶಕಕ್ಕಿಂತ 2526 ವರ್ಷ ಹಿಂದೆ ಇಟ್ಟ. ಅದನ್ನೇ ಹಿಡಿದ ರಾಜತರಂಗಿಣಿಯ ಕಲ್ಹಣ, ಕಲಿಯ 653 ವರ್ಷ ಕಳೆದ ಮೇಲೆ ಪಾಂಡವರಿದ್ದರು ಎಂದ; ಅದು ಕ್ರಿ.ಪೂ. 2449. ಹಸ್ತಿನಾಪುರದಲ್ಲಿ 1950-52ರಲ್ಲಿ ಉತ್ಖನನ ಮಾಡಿದ ಬಿ.ಬಿ. ಲಾಲ್ ಮಹಾಭಾರತದ ಕಥೆಯನ್ನು ಜೋಡಿಸಿದ್ದು ಕ್ರಿ.ಪೂ. 900ರ ಆಸುಪಾಸಿನ ಜನವಸತಿಗೆ. ಅಯೋಧ್ಯೆಯ ವಿವಾದದಲ್ಲಿ ಮಂದಿರದ ಪರ ನಿಂತ ಈ ವಿದ್ವಾಂಸರನ್ನು ಎಡಪಂಥೀಯ ಎಂದು ತಳ್ಳಿಹಾಕುವಂತಿಲ್ಲ.

ವಿಜ್ಞಾನಕ್ಕೂ ರಾಜಕೀಯ ಅಂಟಿಲ್ಲವೇ ಎಂದರೆ, ಅಂಟಿದೆ. ತಮಿಳುನಾಡಿನ ಶಿವಗಳೈಯಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಕ್ರಿ.ಪೂ. 3345ರಷ್ಟು ಹಳೆಯದೆಂದು 2025ರ ಜನವರಿಯಲ್ಲಿ ಸಾರಿದವರು ಆ ರಾಜ್ಯದ ಮುಖ್ಯಮಂತ್ರಿ. ಅಲ್ಲಿಯೂ ಅಭಿಮಾನ ಕೆಲಸ ಮಾಡಿದೆ. ಆದರೆ ಅಲ್ಲಿನ ಮಾದರಿಗಳನ್ನು ಇನ್ನೊಂದು ಪ್ರಯೋಗಾಲಯ ಮತ್ತೆ ಅಳೆಯಬಹುದು. 3179ನ್ನು ಅಳೆಯಲು ಏನಿದೆ? ಹಾಗಾದರೆ ಪುಲಿಕೇಶಿಯ ಗೆಲುವನ್ನು ಮಾತ್ರ ಒಪ್ಪುವುದೇಕೆ? ಅದು ಕವಿಯ ಕಾಲದಲ್ಲೇ ನಡೆದದ್ದು, ಹರ್ಷನಿಗೆ ಆ ರಾಜ ಮಣಿಯಲಿಲ್ಲವೆಂದು ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬೇರೆಯಾಗಿಯೇ ಬರೆದಿದ್ದಾನೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಹೋಲಿಸಿಕೊಂಡದ್ದರಿಂದ (ಸಂಕೋಚದ ಮನುಷ್ಯನಲ್ಲ!) ಆ ಇಬ್ಬರೂ 634ಕ್ಕೆ ಮೊದಲೇ ಹೆಸರಾಗಿದ್ದರು ಎಂಬುದೂ ಖಚಿತ. ಇಷ್ಟಕ್ಕೆ ಈ ಕಲ್ಲು ಗಟ್ಟಿ ಆಧಾರ. ಇದನ್ನು ತೋರಿಸಿ 3102ನ್ನು ಇತಿಹಾಸವೆಂದು ಬರೆಯುವವರು ಪಕ್ಕದಲ್ಲೇ ಕಲ್ಹಣನ 2449ನ್ನೂ ಬರೆಯಲಿ.