ಸಂಘದ ಚುನಾವಣೆಯಲ್ಲಿ ‘ನಮ್ಮವರು’ ಯಾರು?

ಮತದಾನವೆಂದೊಡನೆ ನಮ್ಮ ಮನಸ್ಸು ವಿಧಾನಸಭೆ ಲೋಕಸಭೆಗಳ ಕಡೆಗೆ ಹರಿಯುವುದು ಸಹಜ. ಆದರೆ ಬೆಂಗಳೂರಿನ ಪಶ್ಚಿಮಭಾಗದಲ್ಲಿ ವಾಸಿಸುವ ಅನೇಕರಿಗೆ ಮನೆಯ ಸಮೀಪದಲ್ಲಿಯೇ ಮತ್ತೊಂದು ಮತವುಂಟು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಸಹಕಾರ ಬ್ಯಾಂಕುಗಳಲ್ಲಿಯೂ ಪತ್ತಿನ ಸಂಘಗಳಲ್ಲಿಯೂ, ಕೆಂಗೇರಿಯ ಕಡೆಯ ಗೃಹನಿರ್ಮಾಣ ಸಂಘಗಳಲ್ಲಿಯೂ ಷೇರು ಪಡೆದ ಸದಸ್ಯರು ಐದು ವರ್ಷಗಳಿಗೊಮ್ಮೆ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಈ ಮತವನ್ನು ಹೇಗೆ ಚಲಾಯಿಸಬೇಕೆಂಬುದೇ ಈಗಿನ ವಿಚಾರ.

ಮೊದಲು ಈ ಮತದ ಸ್ವರೂಪವನ್ನು ತಿಳಿಯೋಣ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದಲ್ಲಿ ನೇಕಾರರೇ ಮೊದಲಾದ ಕೆಲವು ಬಡ ಕಸುಬುದಾರರು ಒಂದುಗೂಡಿ ಅಂಗಡಿಯೊಂದನ್ನು ತೆರೆದರು. ಒಬ್ಬ ಸದಸ್ಯನಿಗೆ ಒಂದೇ ಮತವೆಂಬ ಅವರ ನಿಯಮವು ಮುಂದೆ ಲೋಕದ ಸಹಕಾರ ಚಳವಳಿಗೆಲ್ಲ ತಳಹದಿಯಾಯಿತು. ಭಾರತದಲ್ಲಿ 1904ರಲ್ಲಿ ಸಹಕಾರ ಶಾಸನವು ಜಾರಿಗೆ ಬಂದಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನವೂ 1905ರಲ್ಲಿಯೇ ತನ್ನದೇ ಸಹಕಾರ ಶಾಸನವನ್ನು ಮಾಡಿತು. ಇಂದು ನಮ್ಮ ಸಂಘಗಳು ನಡೆಯುತ್ತಿರುವುದು ಮುಖ್ಯವಾಗಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಗೆ ಅನುಸಾರವಾಗಿ.

ವ್ಯಾಪಾರದ ಕಂಪನಿಯಲ್ಲಿ ಮತಗಳನ್ನು ಎಣಿಸುವುದು ಷೇರುಗಳ ಲೆಕ್ಕದಿಂದ. ಸಹಕಾರ ಸಂಘದಲ್ಲಿ ಎಣಿಸುವುದು ಆಳಿನ ಲೆಕ್ಕದಿಂದ. ಒಂದು ಷೇರಿನ ಒಡತಿಗೂ ನೂರು ಷೇರಿನ ಒಡೆಯನಿಗೂ ಒಂದೇ ಮತ. ಹಣದ ಬಲವು ಸಂಘವನ್ನು ಆಳಬಾರದೆಂಬುದು ಇದರ ಉದ್ದೇಶ. ಆದರೆ ಹಣವನ್ನು ಹೊರಗಿಟ್ಟ ಈ ಬಾಗಿಲಿನಿಂದಲೇ ಮತ್ತೊಂದು ಬಲವು ಒಳಹೊಗಬಹುದು. ಆಳನ್ನು ಎಣಿಸುವೆಡೆಯಲ್ಲಿ ಆಳನ್ನು ಕೂಡಿಸಬಲ್ಲವನು ಗೆಲ್ಲುತ್ತಾನೆ. ಕೂಡಿಸುವ ಸುಲಭೋಪಾಯವೆಂದರೆ ಜಾತಿ, ಬಳಗ, ಊರು ಎಂಬ ಕರೆ.

‘ಸಮುದಾಯದ ಹಿತವೇ ಮೊದಲು’ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಚುನಾವಣೆಯ ಕಾಲದಲ್ಲಿ ‘ಸಮುದಾಯ’ವೆಂಬ ಶಬ್ದವು ನಮ್ಮಲ್ಲಿ ಎಷ್ಟೋ ವೇಳೆ ಜಾತಿಯೆಂಬ ಅರ್ಥವನ್ನೇ ತಾಳುತ್ತದೆಯಲ್ಲವೆ? ಸಂಘದ ಸಮುದಾಯವೆಂದರೆ ಅದರ ಸದಸ್ಯರ ಪಟ್ಟಿ. ಆ ಪಟ್ಟಿಯಲ್ಲಿ ಹೂವಿನ ಅಂಗಡಿಯವರಿರಬಹುದು, ನಿವೃತ್ತ ಉಪಾಧ್ಯಾಯರಿರಬಹುದು, ಕೈಗಾರಿಕಾ ಪ್ರದೇಶದಲ್ಲಿ ಲೇತ್ ಯಂತ್ರ ನಡೆಸುವವರಿರಬಹುದು. ಮತವಿಲ್ಲದವರೂ ಉಂಟು: ಬ್ಯಾಂಕಿನಲ್ಲಿ ಠೇವಣಿಯಿಟ್ಟವರೆಲ್ಲರೂ ಮತದಾರರಲ್ಲ, ನಾಮಮಾತ್ರ ಸದಸ್ಯರಿಗೆ ಮತವಿಲ್ಲ. ಅವರ ಉಳಿತಾಯದ ಭಾರವೂ ನಮ್ಮ ಮತದ ಮೇಲೆಯೇ ನಿಂತಿದೆ.

ಈ ಭಾರವು ಕಲ್ಪನೆಯದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನದೇ ಒಂದು ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧವನ್ನು ವಿಧಿಸಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಣವನ್ನು ಹಿಂತೆಗೆಯದಂತೆ ಮಾಡಿತು. ನಿವೃತ್ತಿಯ ಹಣವನ್ನೆಲ್ಲ ಇಂಥ ಬ್ಯಾಂಕಿನಲ್ಲಿಟ್ಟ ವೃದ್ಧರ ಪಾಡನ್ನು ಊಹಿಸಿಕೊಳ್ಳಿ. ಮರುತಿಂಗಳು ಠೇವಣಿ ವಿಮೆಯ ಮಿತಿಯು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತೆಂಬುದು ನಿಜ. ಆದರೆ ಮಿತಿಯನ್ನು ಮೀರಿದ ಹಣಕ್ಕೆ ವಿಮೆಯ ಆಸರೆಯಿಲ್ಲ.

ಹಾಗಾದರೆ ಪರಿಚಿತರಿಗೆ ಮತ ನೀಡುವುದೇ ತಪ್ಪೋ ಎಂದು ಕೇಳಬಹುದು. ತಪ್ಪಲ್ಲ. ನೆರೆಹೊರೆಯವರ ನಡತೆಯನ್ನು ಬಲ್ಲೆವೆಂಬ ನಂಬಿಕೆಯೇ ಸಹಕಾರದ ಮೂಲಧನ. ಆದರೆ ಪರಿಚಯವು ವಿಚಾರಣೆಗೆ ಆರಂಭವಾಗಬೇಕೇ ಹೊರತು ಮುಕ್ತಾಯವಾಗಬಾರದು. ಬಂಧುವೆಂದು ಬಲ್ಲವನನ್ನು ಲೆಕ್ಕವಿಡುವವನೆಂದೂ ಬಲ್ಲೆವೆ?

ಅಭ್ಯರ್ಥಿಯನ್ನು ಕೇಳಬೇಕಾದ ಪ್ರಶ್ನೆಗಳು ಕಠಿಣವಲ್ಲ. ಲೆಕ್ಕಪರಿಶೋಧಕರು ಎತ್ತಿದ ಆಕ್ಷೇಪಣೆಗಳಿಗೆ ಉತ್ತರವೇನು? ಸುಸ್ತಿಯಾದ ಸಾಲವೆಷ್ಟು, ಅದು ಹಲವರಲ್ಲಿ ಹಂಚಿಹೋಗಿದೆಯೋ ಕೆಲವರಲ್ಲಿಯೇ ನಿಂತಿದೆಯೋ? ತನ್ನ ಬಂಧುವಿನ ಸಾಲದ ಅರ್ಜಿ ಬಂದ ದಿನ ಆತನು ಸಭೆಯಿಂದ ಎದ್ದು ಹೊರಗೆ ಹೋಗುವನೆ? ಗೃಹನಿರ್ಮಾಣ ಸಂಘವಾದರೆ, ನಿವೇಶನದ ಹಂಚಿಕೆಯಲ್ಲಿ ಸರದಿಯನ್ನು ಪಾಲಿಸಲಾಗಿದೆಯೆ? ಇವಕ್ಕೆ ಉತ್ತರವನ್ನು ಹುಡುಕಲು ತಕ್ಕ ಸ್ಥಳ ವಾರ್ಷಿಕ ಮಹಾಸಭೆ. ಅಲ್ಲಿ ಹಂಚುವ ವರದಿಯನ್ನು ಓದದೆ ಮಡಿಸಿ, ಉಪಾಹಾರವನ್ನು ಮುಗಿಸಿ ಹಿಂದಿರುಗುವ ಸದಸ್ಯನು ತನ್ನ ಮತದ ಅರ್ಧಭಾಗವನ್ನು ಅಲ್ಲಿಯೇ ಬಿಟ್ಟು ಬಂದಂತೆ.

ಸರ್ಕಾರದ ಇಲಾಖೆಯೂ ರಿಸರ್ವ್ ಬ್ಯಾಂಕೂ ಕಾವಲಿಗೆ ಇವೆ. ಆದರೆ ಅವು ಬರುವುದು ಬಹುಮಟ್ಟಿಗೆ ಕೆಡುಕು ಬಯಲಾದ ಬಳಿಕ. ಮನೆಯವರೇ ದೀಪ ಹಿಡಿದು ನೋಡಿಕೊಳ್ಳುವ ಮನೆಗೆ ಕಾವಲುಗಾರನ ಕೆಲಸ ಕಡಿಮೆ. ಮತಪತ್ರವನ್ನು ಕೈಗೆತ್ತಿಕೊಂಡಾಗ ‘ಇವರು ನಮ್ಮವರೆ?’ ಎಂದು ಕೇಳಿಕೊಳ್ಳುವ ಬದಲು, ‘ನಮ್ಮ ಕುಲದವನಲ್ಲದ, ನಮ್ಮ ಬೀದಿಯವನಲ್ಲದ ಸದಸ್ಯನ ದುಡ್ಡು ಇವರ ಕೈಯಲ್ಲಿ ಕ್ಷೇಮವೆ?’ ಎಂದು ಕೇಳಿಕೊಳ್ಳೋಣ. ಅವನ ದುಡ್ಡು ಕ್ಷೇಮವಾಗಿದ್ದಲ್ಲಿ ನಮ್ಮದೂ ಕ್ಷೇಮ.