ಸೋಮನೂರಿನ ಕಿವಿ, ಮೈಸೂರಿನ ತಟ್ಟೆ

ಕೊಯಮತ್ತೂರು ಜಿಲ್ಲೆಯ ಸೋಮನೂರಿನಲ್ಲಿ ಪವರ್‌ಲೂಮ್ ಶೆಡ್ಡಿನೊಳಗೆ ಕಾಲಿಟ್ಟರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸದು. ಲಾಳಿ ಬಡಿಯುವ ಆ ಸದ್ದಿನ ನಡುವೆಯೇ ಕಂಬಕ್ಕೆ ಕಟ್ಟಿದ ಪುಟ್ಟ ಸ್ಪೀಕರಿನಿಂದ ಇಳಯರಾಜಾ ಹಾಡು ಬರುತ್ತಿರುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡುವ ದೇವಾಂಗರು ನಾವು. ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಹೀಗೇ ಹಾಡು ಕೇಳಿದರು. ಪಲ್ಲವಿ ಮುಗಿದು ಪಿಟೀಲುಗಳು ಏಳುವ ಹೊತ್ತಿಗೆ ಅವರ ಹೆಬ್ಬೆರಳು ಮಗ್ಗದ ಚೌಕಟ್ಟಿನ ಮೇಲೆ ತಾಳಕ್ಕೆ ಬೀಳುತ್ತಿತ್ತು.

“ಆ ಗದ್ದಲದಲ್ಲಿ ಕೇಳುವುದೂ ಒಂದು ಕೇಳುವಿಕೆಯೇ? ಧ್ವನಿ ಶುದ್ಧವಾಗಿದ್ದರೆ ತಾನೆ ಸಂಗೀತ!” ಎನ್ನುವವರಿದ್ದಾರೆ. ಈ ಮಾತು ತಪ್ಪು ಎನ್ನುವುದಕ್ಕೆ ಸಾಕ್ಷಿ ಮೈಸೂರಿನ ಅರಮನೆಯಲ್ಲಿದೆ. ಮಹಾರಾಜ ಜಯಚಾಮರಾಜ ಒಡೆಯರ್ ಅವರಷ್ಟು ಧ್ವನಿಯ ಹುಚ್ಚಿದ್ದವರು ನಮ್ಮಲ್ಲಿ ವಿರಳ. ಅವರ ಬಳಿ ಗ್ರಾಮಫೋನ್ ತಟ್ಟೆಗಳ ದೊಡ್ಡ ಭಂಡಾರವೇ ಇತ್ತು. ಅವರಲ್ಲಿದ್ದ ಬಗೆಬಗೆಯ ಸ್ಪೀಕರುಗಳನ್ನು ಕಂಡು ಲಂಡನ್ನಿನಿಂದ ಬಂದಿದ್ದ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಬೆರಗಾಗಿದ್ದ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿ ಕೇಳಿಬಂದದ್ದು ಮಹಾರಾಜರು ಹಣದ ಭರವಸೆ ಕೊಟ್ಟಿದ್ದರಿಂದ. ಆ ರಾತ್ರಿಯ ಮುದ್ರಣ ಇಂದಿಗೂ ಉಳಿದಿದೆ. ಕರಕರ ಸದ್ದು, ಮಬ್ಬು ಮಬ್ಬಾದ ವಾದ್ಯಗಳು. ಆದರೂ ಅಂದು ಹಾಡಿದ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಕಂಠಕ್ಕಾಗಿ ಜನ ಅದನ್ನು ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಧ್ವನಿಯ ಕುಂದು ಎಣಿಸುವುದೂ ಹಾಡಿಗೆ ಮನಸ್ಸು ಕೊಡುವುದೂ ಕಿವಿಯ ಎರಡು ಬೇರೆ ಕೆಲಸಗಳು. ಮೊದಲನೆಯದು ಬಾರದಿದ್ದರೂ ಎರಡನೆಯದು ಪೂರ್ತಿ ದಕ್ಕುತ್ತದೆ.

ಇನ್ನೊಂದು ನಂಬಿಕೆ, ಸಾಮಾನ್ಯರ ಕಿವಿಗೆ ಒಳ್ಳೆಯ ಸ್ಪೀಕರ್ ಯಾವುದು ಎಂದು ಗೊತ್ತಾಗದು ಎನ್ನುವುದು. ಸ್ಪೀಕರುಗಳ ಸಂಶೋಧಕ ಶಾನ್ ಆಲಿವ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣಿಗೆ ಕಾಣದಂತೆ ಮರೆಯಲ್ಲಿಟ್ಟ ಸ್ಪೀಕರುಗಳನ್ನು 268 ಮಂದಿ ಕೇಳಿದರು. ತರಬೇತಿ ಪಡೆದವರೂ ಕಾಲೇಜು ಹುಡುಗರೂ ಮೆಚ್ಚಿದ್ದು ಹೆಚ್ಚುಕಡಿಮೆ ಅದೇ ಸ್ಪೀಕರುಗಳನ್ನೇ. ತರಬೇತಿಯವರ ಉತ್ತರ ಸಲದಿಂದ ಸಲಕ್ಕೆ ಕಡಿಮೆ ಬದಲಾಗುತ್ತಿತ್ತು, ಅದೇ ಮುಖ್ಯ ವ್ಯತ್ಯಾಸ.

ಸಿ.ಡಿ.ಗಿಂತ ದೊಡ್ಡ ಅಂಕಿಯ ‘ಹೈ-ರೆಸಲ್ಯೂಷನ್’ ಫೈಲು ಹೆಚ್ಚು ಇಂಪು ಎನ್ನುವುದೂ ಇಂಥದೇ ಒಂದು ನಂಬಿಕೆ. ಎಳೆಯ ಕಿವಿ ಕೇಳುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ, ಸಿ.ಡಿ. ಅಷ್ಟನ್ನೂ ಹಿಡಿಯುತ್ತದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬವರು ಪ್ರಕಟಿಸಿದ 554 ಪರೀಕ್ಷೆಗಳಲ್ಲಿ ಸಿ.ಡಿ. ಮಟ್ಟಕ್ಕೆ ಇಳಿಸಿದ ಧ್ವನಿಯನ್ನು ಸರಿಯಾಗಿ ಗುರುತಿಸಿದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು.

ಇಂಥ ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು. ಅಕ್ಕನ ಮಗ ಹೊಸ ಕೇಬಲ್ ತಂದು, “ಮಾವ, ಕಂಠ ಹೇಗೆ ತೆರೆದುಕೊಂಡಿದೆ ನೋಡಿ” ಎಂದ. ಸ್ಪೀಕರಿನ ಹಿಂಬದಿಗೆ ಹಳೆಯ ಸೀರೆ ಇಳಿಬಿಟ್ಟು, ಹಳೆಯ, ಹೊಸ ಕೇಬಲ್ ಎರಡಕ್ಕೂ ಒಂದೇ ವಾಲ್ಯೂಮ್ ಇಟ್ಟು, ಅವನಿಗೆ ತಿಳಿಯದಂತೆ ನಾನೇ ಹತ್ತು ಸಲ ಬದಲಿಸಿದೆ. ಹೊಸದನ್ನು ಹಳೆಯದೆಂದ, ಹಳೆಯದನ್ನು ಹೊಸದೆಂದ; ಐದು ಸರಿ, ಐದು ತಪ್ಪು. ಆಮೇಲೆ ಹಳೆಯ ಕೇಬಲ್ಲಿಗೇ ವಾಲ್ಯೂಮ್ ಒಂದಿಷ್ಟೇ ಏರಿಸಿದೆ. “ಇದೇ, ಇದೇ ಹೊಸದು” ಎಂದ. ತುಸು ಜೋರಾಗಿದ್ದರೆ ಕಿವಿ ಅದನ್ನು ‘ಚೆನ್ನಾಗಿದೆ’ ಎಂದೇ ಓದಿಕೊಳ್ಳುತ್ತದೆ. ಅವನು ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜಕ್ಕೂ ಹಾಗೆ ಕೇಳಿಸಿತ್ತು.

ಇವೆಲ್ಲಕ್ಕಿಂತ ನನ್ನನ್ನು ಕಾಡುವ ನಂಬಿಕೆ ಬೇರೆ. ಸೋಮನೂರು, ಪಲ್ಲಡಂ ಕಡೆಯ ಶೆಡ್ಡುಗಳಲ್ಲಿ, “ಸದ್ದು ರೂಢಿಯಾದರೆ ಕಿವಿ ಗಟ್ಟಿಯಾಗುತ್ತೆ” ಅನ್ನುತ್ತಾರೆ. ಗಟ್ಟಿಯಾಗುವುದಿಲ್ಲ, ಸಾಯುತ್ತದೆ. ಒಳಗಿವಿಯ ಕೂದಲ ಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟವು. ದಿನಕ್ಕೆ ಎಂಟು ಗಂಟೆ ಎಂದರೆ ತಜ್ಞರು ಹೇಳುವ ಮಿತಿ 85 ಡೆಸಿಬೆಲ್. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಹೊತ್ತನ್ನು ಅರ್ಧಕ್ಕೆ ಇಳಿಸಬೇಕು. ಪೆಟ್ಟು ಮೊದಲು ಬೀಳುವುದು 4,000 ಹರ್ಟ್ಸ್ ಆಸುಪಾಸಿನಲ್ಲಿ. ಬರಬರುತ್ತಾ ಸ, ಶ ಅಕ್ಷರಗಳು ಅಳಿಸಿಹೋಗುತ್ತವೆ. ಹತ್ತಿ ತುರುಕಿಕೊಂಡರೆ ಸಾಲದು, ಸರಿಯಾದ ಇಯರ್‌ಪ್ಲಗ್ಗೇ ಬೇಕು. ಲಕ್ಷದ ಆಂಪ್ಲಿಫಯರ್ ಕೊಳ್ಳುವವರಿಗೂ ಇದೇ ಮಾತು: ಮೊದಲು ಕಿವಿಯ ಪರೀಕ್ಷೆ ಮಾಡಿಸಿ.

ದೊಡ್ಡಪ್ಪನಿಗೆ ಈಗ ಟಿ.ವಿ. ಸುದ್ದಿಯ ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಹಳೆಯ ಹಾಡು ಹಾಕಿದರೆ, ಪಿಟೀಲುಗಳು ಏಳುವ ಜಾಗದಲ್ಲಿ ಹೆಬ್ಬೆರಳು ಕುರ್ಚಿಯ ಕೈ ಮೇಲೆ ಬೀಳುತ್ತದೆ.