ಮಸ್ತಿಷ್ಕಕಂಪನದ ಪರೀಕ್ಷೆ

ಪಾಶ್ಚಾತ್ಯ ವೈದ್ಯರು ಕಂಕಷನ್ ಎಂದು ಕರೆಯುವ ಶಿರೋವಿಕಾರಕ್ಕೆ ಮೂರ್ಛೆ ಎಂಬ ಶಬ್ದವು ಸಲ್ಲತಕ್ಕುದಲ್ಲ. ಆ ಪದದ ಲ್ಯಾಟಿನ್ ಮೂಲಕ್ಕೆ ಬಲವಾಗಿ ಅಲುಗಿಸುವುದೆಂಬ ಅರ್ಥವಿದೆಯೇ ಹೊರತು ಎಚ್ಚರ ತಪ್ಪುವುದೆಂಬ ಅರ್ಥವಿಲ್ಲ. ರಗ್ಬಿ, ಮುಷ್ಟಿಯುದ್ಧ ಮೊದಲಾದ ಕ್ರೀಡೆಗಳಲ್ಲಿ ಈ ವಿಕಾರಕ್ಕೆ ಒಳಗಾದವರ ಪೈಕಿ ಬಹುಮಂದಿಗೆ ಎಚ್ಚರ ತಪ್ಪುವುದೇ ಇಲ್ಲ. ಆದುದರಿಂದ ಇದನ್ನು ಮಸ್ತಿಷ್ಕಕಂಪನವೆನ್ನುವುದು ಯುಕ್ತ. ಇದು ಬರಿಯ ಶಬ್ದಚರ್ಚೆಯಲ್ಲ. ಮೂರ್ಛೆಯನ್ನೇ ಲಕ್ಷಣವಾಗಿ ಹಿಡಿದರೆ ಪೆಟ್ಟುತಿಂದವರಲ್ಲಿ ಹೆಚ್ಚಿನವರು ಪರೀಕ್ಷಕನ ಕಣ್ತಪ್ಪಿ ಹೋಗುವರು.

ಮೈಸೂರರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವು ತಲೆಯಿಂದ ರಕ್ತ ಒಸರಿದೊಡನೆ ಮುಗಿಯುತ್ತದೆ. ಅಲ್ಲಿ ಚಿಹ್ನೆಯು ಸರ್ವರಿಗೂ ಪ್ರತ್ಯಕ್ಷ. ಮಸ್ತಿಷ್ಕಕಂಪನಕ್ಕಾದರೋ ರಕ್ತವು ಬೇಕಿಲ್ಲ, ಸಿ.ಟಿ. ಚಿತ್ರದಲ್ಲಿಯೂ ಪ್ರಾಯಶಃ ಏನೂ ತೋರದು. ಹೀಗಾಗಿ ಪರೀಕ್ಷಕನಿಗೆ ಅನುಮಾನವೊಂದೇ ಪ್ರಮಾಣ. ಆಟಗಾರನ ಮಾತು, ನೆನಪು, ನಡಿಗೆಗಳೇ ಲಿಂಗಗಳು.

ಈ ಲಿಂಗಗಳಲ್ಲಿ ನೆನಪಿನ ವಿಷಯವು ವಿಚಾರಾರ್ಹವಾಗಿದೆ. ಹೆಸರೇನು, ಹುಟ್ಟಿದ ದಿನ ಯಾವುದು ಎಂದು ಕೇಳುವುದು ಹಿಂದಿನ ರೂಢಿ. ಮ್ಯಾಡಕ್ಸ್ ಮತ್ತು ಅವರ ಸಂಗಡಿಗರು ಆಸ್ಟ್ರೇಲಿಯದ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ ೧೯೯೫ರಲ್ಲಿ ಪ್ರಕಟಿಸಿದ ಲೇಖನದಿಂದ, ಅಂತಹ ಪ್ರಶ್ನೆಗಳಿಂದ ಪ್ರಯೋಜನವು ಅಲ್ಪವೆಂದು ತಿಳಿದುಬಂದಿತು. ಈಗ ಆಡುತ್ತಿರುವುದು ಯಾವ ಮೈದಾನದಲ್ಲಿ, ಕಡೆಯ ಅಂಕವನ್ನು ಗಳಿಸಿದವರಾರು, ಹಿಂದಿನ ಪಂದ್ಯದಲ್ಲಿ ಗೆದ್ದೆವೋ ಸೋತೆವೋ ಎಂಬಂತಹ ಪ್ರಶ್ನೆಗಳಲ್ಲಿಯೇ ಪೆಟ್ಟುತಿಂದವನು ತಡವರಿಸುವನು. ಬಾಲ್ಯದಿಂದ ಬೇರೂರಿದ ಸಂಸ್ಕಾರವು ಉಳಿದು, ಇದೀಗ ಮೂಡಿದ ಅನುಭವವು ಅಳಿಯುತ್ತದೆಯಷ್ಟೆ. ತನ್ನ ಹೆಸರನ್ನು ತಪ್ಪದೆ ಹೇಳಿದನೆಂದು ಆಟಗಾರನನ್ನು ಕಣಕ್ಕೆ ಮರಳಿ ಕಳುಹಿಸುವುದು ಅವಿಚಾರದ ಕೆಲಸ.

೨೦೦೪ರ ಪ್ರಾಗ್ ಸಮ್ಮೇಳನದಿಂದ ಹುಟ್ಟಿದ ಸ್ಕ್ಯಾಟ್ ಎಂಬ ಪರೀಕ್ಷಾಕ್ರಮವು ಈ ಪ್ರಶ್ನೆಗಳನ್ನು ಒಳಗೊಂಡಿದೆ. ೨೦೨೨ರ ಆಮ್‌ಸ್ಟರ್‌ಡಾಮ್ ಸಮ್ಮೇಳನದ ತರುವಾಯ ೨೦೨೩ರಲ್ಲಿ ಅದರ ಆರನೆಯ ಆವೃತ್ತಿಯು ಹೊರಬಂದಿತು. ಹತ್ತು ಪದಗಳನ್ನು ಕೇಳಿ ಒಪ್ಪಿಸುವುದು, ಸ್ವಲ್ಪ ಹೊತ್ತು ಕಳೆದು ಅವನ್ನೇ ಪುನಃ ಹೇಳುವುದು, ತಿಂಗಳುಗಳನ್ನು ವಿಲೋಮವಾಗಿ ಎಣಿಸುವುದು, ಹಿಮ್ಮಡಿಗೆ ಕಾಲ್ಬೆರಳು ತಾಗುವಂತೆ ಗೆರೆಯ ಮೇಲೆ ನಡೆಯುವುದು ಇತ್ಯಾದಿ. ಆರೋಗ್ಯದಲ್ಲಿದ್ದಾಗಲೇ ಪಡೆದ ಅಂಕಗಳಿದ್ದರೆ ಆಟಗಾರನನ್ನು ಅವನೊಡನೆಯೇ ಹೋಲಿಸಿ ನೋಡಬಹುದು.

ಆದರೂ ಲಿಂಗಾಭಾವದಿಂದ ಸಾಧ್ಯಾಭಾವವು ಸಿದ್ಧಿಸದು. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದಿದ್ದರೂ ಬೆಂಕಿಯುಂಟೆಂಬುದು ತರ್ಕಶಾಸ್ತ್ರದಲ್ಲಿ ಪ್ರಸಿದ್ಧ. ಕ್ರಿಕೆಟ್ಟು ಮೈಗೆ ಮೈ ತಾಗುವ ಆಟವಲ್ಲವಾದರೂ ಉದಾಹರಣೆಯು ಅಲ್ಲಿಯೇ ದೊರೆಯುತ್ತದೆ. ೨೦೧೯ರ ಆಗಸ್ಟ್ ೧೭ರಂದು ಲಾರ್ಡ್ಸ್ ಮೈದಾನದಲ್ಲಿ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ತರ ಕತ್ತಿಗೆ ಬಡಿಯಿತು. ಅವರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ, ಮರಳಿ ಆಡಿ, ೯೨ ಓಟಗಳನ್ನು ಪೂರೈಸಿದರು. ವಿಕಾರದ ಲಕ್ಷಣಗಳು ತೋರಿದುದು ಮರುದಿನ. ಅದೇ ತಿಂಗಳಿನ ಮೊದಲ ದಿನದಿಂದ ಜಾರಿಗೆ ಬಂದಿದ್ದ ಹೊಸ ನಿಯಮದಂತೆ ಲಾಬುಶೇನ್ ಅವರ ಸ್ಥಾನದಲ್ಲಿ ಆಡಿದರು.

ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳದ ಮಿದುಳಿಗೆ ಎರಡನೆಯದು ಬಿದ್ದರೆ, ವಿಶೇಷವಾಗಿ ಎಳೆಯರಲ್ಲಿ, ವಿರಳವಾಗಿಯಾದರೂ ಪ್ರಾಣಾಪಾಯವುಂಟು. ಈ ಕಾರಣದಿಂದಲೇ ಸಂಶಯವಿದ್ದಲ್ಲಿ ಆ ದಿನ ಆಡಿಸಬಾರದೆಂಬ ವಿಧಿಯು ಏರ್ಪಟ್ಟಿರುವುದು. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಎಚ್ಚರ ತಪ್ಪಿದವನಿಗೂ ತೂರಾಡುವವನಿಗೂ ಪರೀಕ್ಷೆಯೇ ಇಲ್ಲ, ಕೂಡಲೇ ಹೊರಗೆ. ಉಳಿದವರನ್ನು ಮೈದಾನದ ಬದಿಯಲ್ಲಿ ನೋಡಿದ ಮೇಲೆಯೂ ಪಂದ್ಯ ಮುಗಿದ ಬಳಿಕ ಒಮ್ಮೆ, ೩೬ರಿಂದ ೪೮ ಗಂಟೆಗಳೊಳಗೆ ಮತ್ತೊಮ್ಮೆ ಪರೀಕ್ಷಿಸುವರು.